ಕುದುರೆಯ ಕುಲವೂ ಮೈಕಟ್ಟೂ

ಕ್ರಿ. ಶ. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹನಿಗೂ ರಾಯಚೂರಿನ ಕೋಟೆಗಾಗಿ ನಡೆದ ಯುದ್ಧವನ್ನು ಚರಿತ್ರೆ ಓದಿದವರೆಲ್ಲರೂ ಬಲ್ಲರು. ಆ ಯುದ್ಧಕ್ಕೆ ಒದಗಿಬಂದ ನೆಪ ಯಾವುದೆಂಬುದನ್ನು ಮಾತ್ರ ಅನೇಕರು ಗಮನಿಸಿರಲಾರರು. ಅದು ಕುದುರೆಯ ಹಣ. ಪೋರ್ಚುಗೀಸ್ ವರ್ತಕನಾದ ನೂನಿಜ್ ಎಂಬುವನು ಯುದ್ಧವಾದ ಸುಮಾರು ಹದಿನೈದು ವರ್ಷಗಳ ತರುವಾಯ ಬರೆದಿಟ್ಟ ವೃತ್ತಾಂತದ ಪ್ರಕಾರ, ರಾಯನು ತನ್ನ ಸೇವೆಯಲ್ಲಿದ್ದ ಸೈಯದ್ ಮರೈಕಾರನೆಂಬುವನ ಕೈಗೆ 40,000 ವರಹಗಳನ್ನು ಕೊಟ್ಟು ಕುದುರೆಗಳನ್ನು ಕೊಂಡು ತರುವುದಕ್ಕಾಗಿ ಗೋವೆಗೆ ಕಳುಹಿಸಿದನು. ಅವನು ದಾರಿಯಲ್ಲಿ ಹಣದೊಡನೆ ಆದಿಲ್ ಶಹನ ಆಶ್ರಯವನ್ನು ಸೇರಿಬಿಟ್ಟನು. ಕೇಳಿದಾಗ ಸುಲ್ತಾನನು ಮನುಷ್ಯನನ್ನೂ ಒಪ್ಪಿಸಲಿಲ್ಲ, ಹಣವನ್ನೂ ಹಿಂದಿರುಗಿಸಲಿಲ್ಲ. ದೋಆಬಿನ ಮೇಲೆ ಎರಡು ರಾಜ್ಯಗಳಿಗೂ ಹಿಂದಿನಿಂದ ಇದ್ದ ಆಸೆಯೇ ಯುದ್ಧದ ನಿಜವಾದ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಮಹಾ ಸಾಮ್ರಾಜ್ಯವು ಸೈನ್ಯವನ್ನು ಹೊರಡಿಸುವುದಕ್ಕೆ ಕುದುರೆ ಕೊಳ್ಳುವ ಹಣ ಕಳೆದುದು ಸಾಕಾದ ನೆಪವೆನಿಸಿತೆಂಬುದು ಯೋಚಿಸತಕ್ಕ ಸಂಗತಿ.

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ಸೀಮೆಯಲ್ಲಿ, ಮಾನ್ವಿ, ಹಿರೇಕೊಟ್ನೆಕಲ್, ದೇವದುರ್ಗಗಳ ಕಡೆಯಲ್ಲಿ, ಇಂದು ಸಂಚರಿಸುವವನಿಗೆ ಎರೆಯ ಹೊಲವೂ ಕಾಲುವೆಯ ನೀರಿನ ಬತ್ತದ ಗದ್ದೆಯೂ ಕಾಣುವುವಲ್ಲದೆ ಕುದುರೆಯ ಸುಳಿವು ಕಾಣುವುದಿಲ್ಲ. ಇದು ಎತ್ತಿನ ನಾಡು. ಕುದುರೆ ಇಲ್ಲಿ ಹುಟ್ಟಿದ ಪ್ರಾಣಿಯಾಗಿರಲಿಲ್ಲ, ದಂಡಿನೊಡನೆ ಹಾದುಹೋದ ಪ್ರಾಣಿ. ಬಹಮನಿಯ ಸುಲ್ತಾನರೂ ವಿಜಯನಗರದ ಅರಸರೂ ಬಹುಕಾಲ ಈ ನೆಲದ ಮೇಲೆ ಹೋರಾಡಿದರು. ಹೋರಾಟದಲ್ಲಿ ಗೆಲವು ಸೋಲುಗಳನ್ನು ಬಹುಮಟ್ಟಿಗೆ ನಿರ್ಣಯಿಸಿದುದು ಹೊರಗಿನಿಂದ ಬಂದ ಕುದುರೆಯೇ. ಎರಡನೆಯ ದೇವರಾಯನು ಸೋಲಿನ ಕಾರಣವನ್ನು ವಿಚಾರಿಸಲು ಸಭೆ ಸೇರಿಸಿದಾಗ, ಶತ್ರುಗಳ ಕುದುರೆಗಳು ಬಲವಾದುವು, ಕರ್ಣಾಟಕದ ಕುದುರೆಗಳು ಸಣ್ಣವು, ದಣಿವನ್ನು ತಾಳಲಾರವು ಎಂಬ ಉತ್ತರ ಬಂದಿತೆಂದು ಫೆರಿಸ್ತನು ಬರೆದಿದ್ದಾನೆ. ಇದು ಹದಿನೈದನೆಯ ಶತಮಾನದ ಮಾತು. ಅದಕ್ಕೂ ಮೊದಲು ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಆ ದೇಶದಲ್ಲಿ ದೊಡ್ಡ ಕುದುರೆಗೂ ದೊಡ್ಡ ಹೆಣ್ಣುಕುದುರೆಗೂ ಹುಟ್ಟಿದ ಮರಿಯು ಕೂಡ ಗಿಡ್ಡಾಗಿ ಕಾಲು ಸೊಟ್ಟಾಗಿಯೇ ಬೆಳೆಯುತ್ತದೆಂದು ಬರೆದನು. ಮೇವಿನ ಕೊರತೆ, ತೇವದ ಹವೆ, ಆರೈಕೆಯ ಅಜ್ಞಾನ, ಇವೆಲ್ಲವೂ ಸೇರಿ ಹಾಗಾಗಿರಬೇಕು.

ಆದಕಾರಣ ಕುದುರೆಯನ್ನು ಸಮುದ್ರದ ಮೇಲೆ ತರಿಸಬೇಕಾಯಿತು. ರಾಯನು ವರ್ಷಕ್ಕೆ 13,000 ಕುದುರೆಗಳನ್ನು, ಹೊರ್ಮುಜಿನವನ್ನೂ ದೇಶದವನ್ನೂ ಸೇರಿಸಿ, ಕೊಳ್ಳುತ್ತಿದ್ದನೆಂದೂ ಉತ್ತಮವಾದುವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಮಿಕ್ಕುವನ್ನು ನಾಯಕರಿಗೆ ಕೊಡುತ್ತಿದ್ದನೆಂದೂ ನೂನಿಜ್ ಹೇಳುತ್ತಾನೆ. ಸಾಳುವ ನರಸಿಂಹನ ವಿಷಯದಲ್ಲಿ ಅವನು ಹೇಳುವ ಇನ್ನೊಂದು ಸಂಗತಿ ನಂಬಲು ಕಷ್ಟವಾದರೂ ಮರೆಯಲು ಇನ್ನೂ ಕಷ್ಟವಾದುದು: ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆ, ಹಡಗಿನಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೆ ಸಾಕು, ವರ್ತಕನಿಗೆ ಹಣ ಸಲ್ಲುತ್ತಿತ್ತು. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆಗಳನ್ನು ಹಿಡಿದು ನಡೆಸುವ ಪರದೇಶದವರ ಸಾಲುಗಳನ್ನು ಈಗಲೂ ನೋಡಬಹುದು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದಮೇಲೆ ಈ ವ್ಯಾಪಾರದ ಬಾಗಿಲಿನ ಬೀಗದ ಕೈ ಅವರ ಹತ್ತಿರವೇ ಉಳಿಯಿತು.

ಇಷ್ಟೊಂದು ಹಣವನ್ನು ಸುರಿದು ಕೊಂಡ ಜನರಿಗೆ ಕುದುರೆಯ ಗುಣದೋಷಗಳು ತಿಳಿಯುತ್ತಿರಲಿಲ್ಲವೆ? ತಿಳಿಯುತ್ತಿದ್ದುವು, ಚೆನ್ನಾಗಿಯೇ ತಿಳಿಯುತ್ತಿದ್ದುವು. ರಾಯಚೂರು ಸೀಮೆಯನ್ನೂ ಒಳಗೊಂಡ ನಾಡನ್ನು ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಯ ದೇಶ, ಬಣ್ಣ, ಸುಳಿ, ನಡೆಗಳ ವಿವರವಿದೆ. ಕುದುರೆಯನ್ನೇರಿ ಕೋಲಿನಿಂದ ಚೆಂಡನ್ನು ಹೊಡೆಯುವ ಆಟದ ವರ್ಣನೆಯೂ ಇದೆ. ಸುಮಾರು 1400ರಲ್ಲಿ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು. ಕುದುರೆಯ ಲಾಯದ ಅಧಿಕಾರಿಯಾದ ಸಾಹಣಿಯ ಹೆಸರು ನಮ್ಮ ಶಾಸನಗಳಲ್ಲಿ ಕಾಣಬರುವುದು.

ಅಶ್ವಶಾಸ್ತ್ರಗಳು ಸಾಮಾನ್ಯವಾಗಿ ಮೆಚ್ಚುವ ಅಂಗಗಳೆಂದರೆ ಅಗಲವಾದ ಎದೆ, ನೀಳವಾದ ಕತ್ತು, ಚಿಕ್ಕ ಕಿವಿ, ಗಟ್ಟಿಯಾದ ದುಂಡು ಗೊರಸು. ಇವುಗಳನ್ನು ಇಂದಿನ ಯಾವ ಪರೀಕ್ಷಕನೂ ತಳ್ಳಿಹಾಕಲಾರನು. ಅದೇ ಶಾಸ್ತ್ರಗಳು ಸುಳಿಗಳ ಶುಭಾಶುಭಗಳನ್ನು ಹೇಳಹೊರಟರೆ ಮುಗಿಯುವುದೇ ಇಲ್ಲ. ನಾಲ್ಕು ಕಾಲೂ ಮುಖವೂ ಬಿಳುಪಾದ ಪಂಚಕಲ್ಯಾಣಿಯನ್ನು ನಮ್ಮವರು ಮಂಗಳಕರವೆಂದು ಹೆಚ್ಚು ಬೆಲೆಗೆ ಕೊಂಡರು. ಇಂಗ್ಲೆಂಡಿನ ಹಳೆಯ ಕುದುರೆಗಾರರು ನಾಲ್ಕು ಕಾಲೂ ಬಿಳಿಯಾದುದನ್ನು ಕಂಡರೆ ಬೇಡವೆನ್ನುತ್ತಿದ್ದರು. ಕುದುರೆಗೆ ಮಾತ್ರ ಎರಡು ದೇಶಗಳಲ್ಲಿಯೂ ಕಾಲು ಒಂದೇ ರೀತಿ. ಹೊಟ್ಟನ್ನು ತೂರಿ ಕಾಳನ್ನು ಉಳಿಸಿಕೊಂಡರೆ ಒಂದು ಮಾತು ನಿಲ್ಲುತ್ತದೆ: ಮುಂದೆ ನಿಂತಿರುವ ಪ್ರಾಣಿಯ ಮೈಯನ್ನು ಓದುವ ವಿದ್ಯೆ ನಮ್ಮಲ್ಲಿ ಪಕ್ವವಾಗಿತ್ತು.

ಇರದಿದ್ದುದು ಅದರ ಹಿಂದಿನ ಮೂರು ನಾಲ್ಕು ತಲೆಗಳ ಲೆಕ್ಕ. ಹಡಗಿನಲ್ಲಿ ಬಂದುವು ಬಹುಮಟ್ಟಿಗೆ ಗಂಡುಕುದುರೆಗಳು. ಅರಬ್ಬರು ತಮ್ಮ ಉತ್ತಮವಾದ ಹೆಣ್ಣುಕುದುರೆಗಳನ್ನು ಸುಲಭವಾಗಿ ಮಾರುತ್ತಿರಲಿಲ್ಲ. ಬಂದ ಗಂಡು ಯುದ್ಧದಲ್ಲಿ ದುಡಿಯಿತು, ಸತ್ತಿತು. ಮತ್ತೆ ಹಡಗು ಬಂದಿತು. ಹೀಗೆ ಶತಮಾನಗಳೇ ಕಳೆದುವು. ವಂಶವನ್ನು ಕಾಪಾಡುವ ಬುದ್ಧಿ ಕನ್ನಡಿಗರಿಗೆ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರನ್ನು ಪಡೆದು, ಹಸುಗಳನ್ನು ಹೇಗೆ ಎಣಿಸಬೇಕು, ಹೇಗೆ ಸಾಕಬೇಕು ಎಂಬುದಕ್ಕೆ ಹುಕುಂನಾಮೆಯೇ ಹೊರಟಿತ್ತು. ಫಿರಂಗಿಯನ್ನೆಳೆದು ಕುದುರೆದಂಡಿನ ಹಿಂದೆಯೇ ನಡೆಯಬಲ್ಲ ಆ ಎತ್ತುಗಳ ಕುಲ ಇಂದಿಗೂ ಉಳಿದಿದೆ. ಹಸುವಿಗೆ ಮಾಡಿದುದನ್ನು ಕುದುರೆಗೆ ಮಾಡಲಿಲ್ಲ. ಹಸು ಮನೆಯದು, ಕುದುರೆ ಅಂಗಡಿಯದು ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಇಂಗ್ಲೆಂಡಿನವರೂ ಪೂರ್ವದೇಶದ ಗಂಡುಕುದುರೆಗಳನ್ನೇ ತರಿಸಿಕೊಂಡರು. ಥರೋಬ್ರೆಡ್ ಎಂದು ಹೆಸರಾದ ಪಂದ್ಯದ ಕುದುರೆಗೆ ಮೂಲಪುರುಷರೆಂದು ಹೇಳುವುದು ಮೂರನ್ನು: ಹದಿನೇಳನೆಯ ಶತಮಾನದ ಕೊನೆಯ ಬೈಯರ್ಲಿ ಟರ್ಕ್, 1704ರಲ್ಲಿ ಅಲೆಪ್ಪೊದಿಂದ ಬಂದ ಡಾರ್ಲಿ ಅರೇಬಿಯನ್, ಅನಂತರ ಬಂದ ಗೊಡಾಲ್ಫಿನ್ ಅರೇಬಿಯನ್. ಆದರೆ ಅವರು ಬಂದ ಗಂಡಿನ ಜೊತೆಗೆ ತಮ್ಮಲ್ಲಿದ್ದ ಹೆಣ್ಣುಕುದುರೆಗಳ ಹೆಸರನ್ನೂ ಬರೆದಿಟ್ಟರು. 1791ರಲ್ಲಿ ಜನರಲ್ ಸ್ಟಡ್ ಬುಕ್ಕಿನ ಪೀಠಿಕಾಭಾಗವೂ 1793ರಲ್ಲಿ ಮೊದಲನೆಯ ಸಂಪುಟವೂ ಹೊರಬಂದುವು. ಈ ದಾಖಲೆಯಲ್ಲಿ ತಪ್ಪುಗಳು ಇಲ್ಲದಿಲ್ಲ; ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಜೀವಾಂಶವನ್ನು ಪರೀಕ್ಷಿಸಿದಾಗ ಕೆಲವು ಹೆಣ್ಣುವಂಶಗಳ ಆರಂಭದ ಬರಹ ಸರಿಯಲ್ಲವೆಂದು ಈ ಶತಮಾನದಲ್ಲಿ ಗೊತ್ತಾಯಿತು. ಆದರೂ ಬರೆದಿಟ್ಟುದರಿಂದಲೇ ತಪ್ಪನ್ನು ಹಿಡಿಯುವುದಕ್ಕೂ ಸಾಧ್ಯವಾಯಿತು.

ಅದೇ 1791ನೆಯ ವರ್ಷದಲ್ಲಿ ಇನ್ನೊಂದು ಪುಸ್ತಕವೂ ಅಚ್ಚಾಯಿತು. ಡಾರ್ಲಿ ಅರೇಬಿಯನ್ನಿನ ಸಂತತಿಯಲ್ಲಿ 1764ರಲ್ಲಿ, ಸೂರ್ಯಗ್ರಹಣದ ಕಾಲದಲ್ಲಿ ಹುಟ್ಟಿ ಎಕ್ಲಿಪ್ಸ್ ಎಂದೇ ಹೆಸರು ಪಡೆದ ಕುದುರೆಯು ಒಂದು ಪಂದ್ಯದಲ್ಲಿಯೂ ಸೋಲಲಿಲ್ಲ. 1789ರಲ್ಲಿ ಅದು ಸತ್ತಾಗ ಸೇಂಬೆಲ್ ಎಂಬ ಫ್ರೆಂಚ್ ಪಶುವೈದ್ಯನು ಅದರ ಮೈಯನ್ನು ಅಂಗುಲ ಅಂಗುಲವಾಗಿ ಅಳೆದು ಪ್ರಮಾಣಗಳನ್ನು ಪ್ರಕಟಿಸಿದನು. ಫ್ರಾನ್ಸಿನ ಶಾಲೆಗಳಲ್ಲಿ ಸುಂದರವಾದ ಕುದುರೆಗೆ ಇರಬೇಕೆಂದು ಕಲಿಸುತ್ತಿದ್ದ ಪ್ರಮಾಣಗಳಿಗೂ ಈ ಅಳತೆಗೂ ಹೊಂದಿಕೆಯೇ ಇರಲಿಲ್ಲ. ಎಕ್ಲಿಪ್ಸಿನ ಹಿಂಭಾಗವು ಹೆಗಲಿಗಿಂತ ತುಸು ಎತ್ತರವಾಗಿತ್ತು. ಒಂದೇ ವರ್ಷದಲ್ಲಿ ಕುಲವನ್ನು ಹೇಳುವ ಪುಸ್ತಕವೂ ಮೈಕಟ್ಟನ್ನು ಹೇಳುವ ಪುಸ್ತಕವೂ ಒಂದೇ ಊರಿನಲ್ಲಿ ಹುಟ್ಟಿದುದು ಆಕಸ್ಮಿಕವಾದರೂ ಸೊಗಸಾದ ಆಕಸ್ಮಿಕ. ಸೇಂಬೆಲ್ಲನ ಅಳತೆಯಿಂದ ನಾವು ಕಲಿಯತಕ್ಕದ್ದು ಒಂದಿದೆ. ಚೆನ್ನಾದ ಮೈಕಟ್ಟೆಂಬುದು ತಾನೇ ತಾನಾಗಿ ಇಲ್ಲ. ಯಾವ ಕೆಲಸಕ್ಕೆ ಚೆನ್ನು ಎಂಬುದನ್ನು ಮೊದಲು ಕೇಳಬೇಕು.

ಕುಲದ ವಿಷಯದಲ್ಲಿಯೂ ಹೊಸ ಶೋಧನೆಯೊಂದು ನಮ್ಮ ಹಳೆಯ ಪೇಟೆಯ ಮೇಲೆ ಬೆಳಕು ಬೀರುತ್ತದೆ. 2010ರಲ್ಲಿ ಐರ್ಲೆಂಡಿನ ವಿದ್ವಾಂಸರು ಸ್ನಾಯುವಿನ ಬೆಳವಣಿಗೆಗೆ ಸಂಬಂಧಿಸಿದ ಮಯೊಸ್ಟ್ಯಾಟಿನ್ ಎಂಬ ಜೀವಾಂಶದ ಭೇದಗಳಿಂದ, ಒಂದು ಥರೋಬ್ರೆಡ್ ಹತ್ತಿರದ ಪಂದ್ಯಕ್ಕೆ ತಕ್ಕುದೋ ದೂರದ ಪಂದ್ಯಕ್ಕೆ ತಕ್ಕುದೋ ಎಂಬುದನ್ನು ಊಹಿಸಬಹುದೆಂದು ತೋರಿಸಿದರು. ಹತ್ತಿರದ ವೇಗವನ್ನು ಕೊಡುವ ಆ ಭೇದವು ಎಲ್ಲಿಂದ ಬಂದಿತೆಂದು 2012ರಲ್ಲಿ ಹುಡುಕಿದಾಗ, ಅದು ಪೂರ್ವದೇಶದ ಆ ಮೂವರು ಮೂಲಪುರುಷರಿಂದಲ್ಲ, ಸುಮಾರು 300 ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿದ್ದ ಒಂದು ನಾಡ ಹೆಣ್ಣುಕುದುರೆಯಿಂದ ಬಂದಿರಬೇಕೆಂಬ ನಿರ್ಣಯಕ್ಕೆ ಬಂದರು. ಬಿರುದೆಲ್ಲವೂ ಗಂಡಿಗೆ ಸಂದಿತ್ತು. ಹೆಣ್ಣಿನ ಲೆಕ್ಕವಿಡದೆ ಗಂಡನ್ನು ಮಾತ್ರ ಕೊಂಡ ನಮ್ಮ ಅರಸರು ಹಣವನ್ನು ಮಾತ್ರವಲ್ಲ, ಇಂಥ ಅವಕಾಶವನ್ನೂ ಕಳೆದುಕೊಂಡರು.

ಮೈಸೂರಿನಲ್ಲಿ ಈ ಎರಡು ದಾರಿಗಳೂ ಕೂಡಿದುವು. ಸಿಲ್ಲೇದಾರನೆಂದರೆ ತನ್ನ ಕುದುರೆಯನ್ನು ತಾನೇ ತಂದು ಚಾಕರಿಗೆ ನಿಲ್ಲುವ ಸವಾರ. ಮೈಸೂರಿನ ಸಿಲ್ಲೇದಾರರು ಪೂರ್ಣಯ್ಯನವರ ಕಾಲದಲ್ಲಿ, 1803ರಲ್ಲಿ, ವೆಲ್ಲೆಸ್ಲಿಯ ಸೈನ್ಯದೊಡನೆ ಮರಾಠರ ಮೇಲೆ ಹೋದವರು. ಇಂಥ ದಂಡಿಗೆ ಕುದುರೆ ಒದಗಿಸುವುದಕ್ಕಾಗಿ ಕುಣಿಗಲ್ಲಿನಲ್ಲಿ ಸಂಸ್ಥಾನವು ತಳಿಸಾಕಣೆಯನ್ನು ನಡೆಸುತ್ತಿತ್ತು. ಅದು ಟಿಪ್ಪುವಿನ ಕಾಲದಿಂದಲೂ ಇದ್ದುದೆಂಬುದು ರೂಢಿಯ ಮಾತು. ಹೊರಗಿನಿಂದ ವೇಲರ್ ಕುದುರೆಗಳೂ ಮದರಾಸಿನ ಬಂದರಿಗೆ ಬರುತ್ತಿದ್ದುವು. ನ್ಯೂ ಸೌತ್ ವೇಲ್ಸಿನ ಗಟ್ಟಿಮುಟ್ಟಾದ ಹೆಣ್ಣುಕುದುರೆಗಳಿಗೆ ಥರೋಬ್ರೆಡ್ ಗಂಡಿನಿಂದ ಹುಟ್ಟಿದ ಇವು ಪಂದ್ಯದಲ್ಲಿ ಗೆಲ್ಲತಕ್ಕವಲ್ಲ, ದಿನವೆಲ್ಲಾ ಸವಾರನನ್ನೂ ಅವನ ಸಾಮಾನನ್ನೂ ಹೊತ್ತು ನಡೆಯತಕ್ಕವು. ಮೈಸೂರಿನ ರೇಸ್ ಕ್ಲಬ್ಬು 1891ರಲ್ಲಿ ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ಕುಣಿಗಲ್ಲು ಯುದ್ಧದ ಕುದುರೆಯನ್ನು ಬಿಟ್ಟು ಪಂದ್ಯದ ಕುದುರೆಯ ಮನೆಯಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ರಾವುತರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರಿದ್ದರೆಂಬುದನ್ನು ಬೆಂಗಳೂರಿನ ಸ್ಮಾರಕಸ್ತಂಭವು ನೆನಪಿಗೆ ತರುತ್ತದೆ. ಕುದುರೆಯ ದಂಡಿನ ಕಾಲ ಅಲ್ಲಿಗೆ ಹೆಚ್ಚುಕಡಮೆ ತೀರಿತು. ಉಳಿದುದು ಪಂದ್ಯ, ಅದರೊಡನೆ ಪೋಲೊ, ಗೂಟ ಕೀಳುವ ಆಟ, ಬೇಲಿ ಹಾರಿಸುವ ಸ್ಪರ್ಧೆ.

ಶ್ರೋತೃಗಳಲ್ಲಿ ರೇಸಿಗೆ ಹೋಗುವವರು ಇದ್ದೇ ಇರುತ್ತಾರೆ. ಅವರು ಗಮನಿಸದ ಸಂಗತಿಯೊಂದುಂಟು. ಥರೋಬ್ರೆಡ್ ಎರಡು ವರ್ಷದ ಮರಿಯಾಗಿರುವಾಗಲೇ ಪಂದ್ಯಕ್ಕೆ ಇಳಿಯುತ್ತದೆ. ಐದಾರು ವರ್ಷಕ್ಕೆ ಬಹುಮಟ್ಟಿನವುಗಳ ಓಟ ಮುಗಿದಿರುತ್ತದೆ. ಕುದುರೆಯ ಆಯುಸ್ಸೋ ಇಪ್ಪತ್ತೈದು ವರ್ಷಗಳವರೆಗೂ ನಡೆಯಬಹುದು. ಗೆದ್ದ ಗಂಡಿಗೂ ಒಳ್ಳೆಯ ವಂಶದ ಹೆಣ್ಣಿಗೂ ತಳಿಸಾಕಣೆಯಲ್ಲಿ ಸ್ಥಳವುಂಟು. ಮಿಕ್ಕವುಗಳ ಗತಿಯೇನು? ಸವಾರಿಯ ಶಾಲೆ, ಪೊಲೀಸಿನ ಅಶ್ವದಳ, ಹಾರಾಟದ ಸ್ಪರ್ಧೆ, ಇಲ್ಲವೆ ಇದಾವುದೂ ಇಲ್ಲದ ಕೆಟ್ಟ ಬಾಳು. ಯಾವ ಕುದುರೆಗೆ ಎರಡನೆಯ ಜೀವನಕ್ಕೆ ಬೇಕಾದ ಯೋಗ್ಯತೆಯಿದೆಯೆಂದು ಸರಿಯಾಗಿ ಗುರುತಿಸುವುದು ಆದ್ದರಿಂದ ವಿನೋದದ ಪ್ರಶ್ನೆಯಲ್ಲ. ಆ ಪ್ರಾಣಿಗೆ ಅದು ಜೀವದ ಪ್ರಶ್ನೆ.

ಬಲ್ಲವರು ಇಂಥ ಕುದುರೆಯನ್ನು ನೆಲದಿಂದ ಮೇಲಕ್ಕೆ ನೋಡುತ್ತಾರೆ. ಮೊದಲು ಗೊರಸು: ಥರೋಬ್ರೆಡ್ಡಿನ ಗೊರಸಿನ ಗೋಡೆ ಅನೇಕ ವೇಳೆ ತೆಳುವಾಗಿದ್ದು, ಲಾಳದ ಮೊಳೆ ಹಿಡಿಯದೆ ಒಡೆಯುವುದು. ಗೊರಸಿನ ಮೇಲಣ ಇಳಿಜಾರಾದ ಭಾಗವು ಬಹಳ ಉದ್ದವಾದರೆ ಹಿಂದಿನ ನರಗಳಿಗೆ ಎಳೆತ ಹೆಚ್ಚು, ಬಹಳ ನೆಟ್ಟಗಾದರೆ ಪೆಟ್ಟು ನೇರವಾಗಿ ಎಲುಬಿಗೆ ತಗಲುತ್ತದೆ. ಮುಂಗಾಲಿನ ಹಿಂಬದಿಯಲ್ಲಿ ಕೈಯಾಡಿಸಿ ನೋಡಬೇಕು. ಬಿಲ್ಲಿನಂತೆ ಉಬ್ಬಿದ ನರವೋ ಬಿಸಿಯೋ ಕೈಗೆ ಸಿಕ್ಕಿದರೆ ಪಂದ್ಯದ ಹಳೆಯ ಗಾಯ ಅಲ್ಲಿ ಕುಳಿತಿದೆಯೆಂದು ತಿಳಿಯತಕ್ಕದ್ದು. ಮಂಡಿಯು ಮುಂದಕ್ಕೆ ತುಸು ಬಾಗಿದ್ದರೆ ಅಷ್ಟು ಭಯವಿಲ್ಲ. ಹಿಂದಕ್ಕೆ ಬಾಗಿದ್ದರೆ, ನೆಗೆದು ಇಳಿಯುವಾಗಲೆಲ್ಲಾ ಅದರ ಮುಂಬದಿಯ ಎಲುಬುಗಳು ಒಂದನ್ನೊಂದು ಒತ್ತುತ್ತವೆ. ಹಿಂಗಾಲಿನ ಕೀಲು ಕುಡುಗೋಲಿನಂತೆ ಬಾಗಿರುವುದೂ ಬೇಲಿ ಹಾರುವ ಕೆಲಸಕ್ಕೆ ದುರ್ಬಲವೇ.

ಅನಂತರ ಮೈ. ಭುಜದ ಎಲುಬು ಇಳಿಜಾರಾಗಿ ಹಿಂದಕ್ಕೆ ಒರಗಿದ್ದರೆ ಮುಂಗಾಲುಗಳು ಎತ್ತರಕ್ಕೆ ಏಳಲು ಎಡೆಯಿರುತ್ತದೆ. ಸೊಂಟವು ಗಿಡ್ಡಾಗಿ ಬಲವಾಗಿದ್ದು ತೊಡೆ ತುಂಬಿಕೊಂಡಿದ್ದರೆ ಹಿಂಭಾಗವು ಮೈಯನ್ನು ಮೇಲಕ್ಕೆ ಎಸೆಯಬಲ್ಲುದು. ಎಕ್ಲಿಪ್ಸಿನ ಮೈಕಟ್ಟಿನ ಪ್ರಶ್ನೆ ಇಲ್ಲಿಯೇ ತಲೆಯೆತ್ತುವುದು. ಹೆಗಲಿಗಿಂತ ಹಿಂಭಾಗ ಎತ್ತರವಾದ ಕುದುರೆ ನಾಗಾಲೋಟದಲ್ಲಿ ನೆಲವನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ. ಆದರೆ ಬೇಲಿಯ ಮುಂದೆ ಅದರ ಭಾರವೆಲ್ಲವೂ ಮುಂಗಾಲುಗಳ ಮೇಲೆ ಬೀಳುತ್ತದೆ. ಹಾರುವ ಕುದುರೆಗೆ ಹೆಗಲು ಎತ್ತರವಾಗಿರಬೇಕು, ಕತ್ತು ಎದೆಯ ಮೇಲ್ಭಾಗದಿಂದ ಹೊರಡಬೇಕು. ಒಂದು ಎಚ್ಚರಿಕೆಯುಂಟು. ಬೆಳೆಯುವ ಮರಿಯ ಹಿಂಭಾಗವು ಮುಂಭಾಗಕ್ಕಿಂತ ಮೊದಲು ಏರುವುದರಿಂದ ಎರಡು ಮೂರು ವರ್ಷದಲ್ಲಿ ಕಂಡ ತಗ್ಗು ಹೆಗಲು ಐದು ವರ್ಷಕ್ಕೆ ಸರಿಹೋಗಬಹುದು; ಬೆನ್ನೆಲುಬಿನ ಬೆಳವಣಿಗೆಯಂತೂ ಐದಾರು ವರ್ಷದವರೆಗೂ ಮುಗಿಯುವುದಿಲ್ಲ. ನಿಂತ ಕುದುರೆಯನ್ನು ನೋಡಿ ತೃಪ್ತಿಪಡದೆ ಗಟ್ಟಿ ನೆಲದ ಮೇಲೆ ನಡೆಸಿ, ದುಡುಕಿಸಿ, ಸುತ್ತು ತಿರುಗಿಸಿ ನೋಡಬೇಕು. ಅದರ ಸ್ವಭಾವ ತಿಳಿಯುವುದಕ್ಕೆ ಲಾಯದಲ್ಲಿ ಅದನ್ನು ನೋಡಿಕೊಳ್ಳುವ ಕಾಸ್ತಾರನ ಮಾತು ಯಾವ ಪಂಡಿತನ ಮಾತಿಗಿಂತಲೂ ಹೆಚ್ಚು ಬೆಲೆಯುಳ್ಳದ್ದು.

ಇಷ್ಟಾದಮೇಲೆ ವಂಶಾವಳಿಯ ಕಾಗದವನ್ನು ಬಿಡಿಸಬಹುದು. ತಂದೆಯ ಹೆಸರು ಎಷ್ಟು ಪಂದ್ಯ ಗೆದ್ದಿತೆಂಬುದು ನಮ್ಮ ಪ್ರಶ್ನೆಗೆ ಉತ್ತರವಲ್ಲ. ದೂರದ ಓಟದವರ ವಂಶವೋ ಹತ್ತಿರದವರದೋ, ಸೋದರ ಸಂಬಂಧದವು ಎಷ್ಟು ವರ್ಷ ಕಾಲು ಮುರಿಯದೆ ದುಡಿದುವು, ತಾಯಿಯ ಇತರ ಮರಿಗಳಲ್ಲಿ ಯಾವುದಾದರೂ ಹಾರಾಟದಲ್ಲಿ ಹೆಸರಾಯಿತೆ, ಇವು ಕೇಳತಕ್ಕ ಪ್ರಶ್ನೆಗಳು. ಯೂರೋಪಿನವರು ಈ ಕಣ್ಣಿನಿಂದ ಥರೋಬ್ರೆಡ್ಡನ್ನು ನೋಡಿದರು. 1939ರಲ್ಲಿ ಹುಟ್ಟಿದ ಫ್ಯೂರಿಯೊಸೊ ಎಂಬ ಥರೋಬ್ರೆಡ್ಡಿನ ಮಗನಾದ ಲ್ಯುಟರ್ ಎಂಬ ಫ್ರೆಂಚ್ ಕುದುರೆಯು 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಹಾರಾಟದ ಚಿನ್ನದ ಪದಕವನ್ನು ಗಳಿಸಿತು. ಇಂಗ್ಲೆಂಡಿನ ಲೇಡಿಕಿಲ್ಲರ್ ಎಂಬ ಗಂಡು ಜರ್ಮನಿಯ ಹೋಲ್‌ಸ್ಟೈನಿಗೆ ಹೋಗಿ ಅಲ್ಲಿನ ಭಾರವಾದ ಹೆಣ್ಣುಕುದುರೆಗಳಲ್ಲಿ ಹಗುರವಾದ ಹಾರುವ ಕುದುರೆಗಳ ಒಂದು ವಂಶಕ್ಕೇ ಮೂಲವಾಯಿತು. ಜರ್ಮನರು ಮರಿಯ ಹುಟ್ಟನ್ನು ಬರೆದುಕೊಂಡು ಸುಮ್ಮನಾಗಲಿಲ್ಲ. ಬೆಳೆದಮೇಲೆ ಅದು ಯಾವ ಸ್ಪರ್ಧೆಯಲ್ಲಿ ಎಷ್ಟನೆಯದಾಯಿತೆಂಬುದನ್ನೂ ತಾಯಿ ತಂದೆಗಳ ಲೆಕ್ಕಕ್ಕೆ ಸೇರಿಸಿದರು. ಹಾರಾಟ, ಕಾಡುಮೇಡಿನ ಓಟ, ಶಿಸ್ತಿನ ನಡೆ ಮೂರೂ ಸೇರಿದ ಸ್ಪರ್ಧೆಯಲ್ಲಿ ದಮ್ಮಿಗೆ ಹೆಚ್ಚು ಬೆಲೆಯಿದ್ದ ಕಾಲದಲ್ಲಿ ಅಪ್ಪಟ ಥರೋಬ್ರೆಡ್ಡೇ ಮೇಲುಗೈ. 2004ರ ಅಥೆನ್ಸ್ ಒಲಿಂಪಿಕ್ಸಿನಿಂದ ದೂರದ ಓಟದ ಭಾಗವನ್ನು ತೆಗೆದುಬಿಟ್ಟಮೇಲೆ ಮಿಶ್ರಕುಲದ ಕುದುರೆಗಳು ಹೆಚ್ಚಿದುವು. ಕೆಲಸ ಬದಲಾಯಿತು; ಒಳ್ಳೆಯ ಕುದುರೆಯೆಂಬುದರ ಅರ್ಥವೂ ಬದಲಾಯಿತು.

ನಮ್ಮ ದೇಶದಲ್ಲಿ ಥರೋಬ್ರೆಡ್ಡುಗಳ ಹುಟ್ಟನ್ನೂ ತಂದೆತಾಯಿಗಳನ್ನೂ ಪುಣೆಯ ಸ್ಟಡ್ ಬುಕ್ ಅಧಿಕಾರವು ದಾಖಲಿಸುತ್ತದೆ. ಪಂದ್ಯದ ಕುದುರೆಗಾಗಿ ಏರ್ಪಟ್ಟ ಪುಸ್ತಕವದು. ಪಂದ್ಯ ಬಿಟ್ಟಮೇಲೆ ಯಾವ ಹೆಣ್ಣುಕುದುರೆಯ ಮರಿ ಎಷ್ಟು ಎತ್ತರದ ಬೇಲಿಯನ್ನು ಹಾರಿತೆಂಬುದನ್ನು ಬರೆಯುವುದು ಅದರ ಕೆಲಸವಲ್ಲ. ಮೈಸೂರು ಲ್ಯಾನ್ಸರ್ಸಿನ ಉಳಿದ ಭಾಗವು 1953ರಲ್ಲಿ ಇತರ ಸಂಸ್ಥಾನಗಳ ಅಶ್ವದಳಗಳೊಡನೆ ಸೇರಿ 61ನೆಯ ಕ್ಯಾವಲ್ರಿಯಾಯಿತು. ಆ ದಳದ ರಘುವೀರ ಸಿಂಗ್ 1982ರ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಶಹಜಾದಾ ಎಂಬ ಕುದುರೆಯನ್ನೇರಿ ಚಿನ್ನವನ್ನು ಗೆದ್ದರು. ಮೂವತ್ತಾರು ವರ್ಷಗಳ ಬಳಿಕ, 2018ರ ಜಕಾರ್ತಾ ಕ್ರೀಡೆಗಳಲ್ಲಿ, ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿಯ ಪದಕವನ್ನು ತಂದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿಯೂ ಅದೇ ಕುದುರೆಯ ಮೇಲೆ 23ನೆಯವರಾದರು. ಸವಾರನು ಕನ್ನಡನಾಡಿನವನು. ಕುದುರೆ, ಸೆನ್ಯೋರ್ ಮೆಡಿಕಾಟ್, ಜರ್ಮನಿಯಲ್ಲಿ ಹುಟ್ಟಿದುದು. ಕೃಷ್ಣದೇವರಾಯನ 40,000 ವರಹಗಳು ಗೋವೆಯ ದಾರಿ ಹಿಡಿದು ಐನೂರು ವರ್ಷಗಳು ಆಗಿಹೋಗಿವೆ. ಕುಣಿಗಲ್ಲಿನ ಲಾಯಗಳಲ್ಲಿ ಪೀಳಿಗೆ ಪೀಳಿಗೆಯಾಗಿ ಹುಟ್ಟಿದ ಹೆಣ್ಣುಕುದುರೆಗಳಲ್ಲಿ ಹಾರುವ ಕುದುರೆಯ ತಾಯಿಯಾಗಬಲ್ಲುದು ಯಾವುದಾಗಿತ್ತೆಂಬ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕವನ್ನು ನಾವು ಇನ್ನೂ ಬರೆಯತೊಡಗಬೇಕಾಗಿದೆ.